ಔಷಧಿ ಹಾಕಿದರೂ ಕೋಳಿ ಬಡಕಲಾಗೇ ಇದ್ದರೆ: ಜಂತುಹುಳದ ಕಾಟ ಪತ್ತೆ ಹಚ್ಚುವ ಕೈಪಿಡಿ

ಮುಂಗಾರು ಮುಗಿಯುತ್ತಾ ಬಂದಾಗ ಗದಗ, ಹಾವೇರಿ, ಧಾರವಾಡ ಕಡೆಯ ಹಳ್ಳಿಗಳಲ್ಲಿ ಜವಾರಿ ಕೋಳಿ ಸಾಕಿದವರದ್ದು ಒಂದೇ ಮಾತು. ‘ಹುಳದ ಔಷಧಿ ಹಾಕೀನ್ರಿ, ಆದ್ರೂ ಕೋಳಿ ಮೈ ಹಿಡೀವಲ್ವು.’ ಕಾಳು ತಿನ್ನುತ್ತವೆ, ಆದರೂ ಎದೆ ಮೂಳೆ ದಿನದಿನಕ್ಕೆ ಚೂಪಾಗುತ್ತದೆ. ಜುಟ್ಟು ಬಿಳಿಚಿಕೊಳ್ಳುತ್ತದೆ. ಮೊಟ್ಟೆ ಕಡಿಮೆಯಾಗುತ್ತದೆ. ಮತ್ತೆ ಅಂಗಡಿಗೆ ಹೋಗಿ ಇನ್ನೊಂದು ಬಾಟಲಿ ತರುತ್ತಾರೆ.

ಇನ್ನೊಂದು ಬಾಟಲಿ ತರುವ ಮುಂಚೆ ಸ್ವಲ್ಪ ತಡೆಯಿರಿ. ಔಷಧಿ ಹಾಕಿಯೂ ಗುಣ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ರೋಗ ಹುಳದ್ದೇ ಅಲ್ಲ. ಇಲ್ಲವೇ ಹುಳ ಒಂದು, ಹಾಕಿದ ಔಷಧಿ ಇನ್ನೊಂದರದ್ದು, ಅಥವಾ ಅಳತೆ ತಪ್ಪು. ಇಲ್ಲವೇ ಔಷಧಿ ಕೆಲಸ ಮಾಡಿದೆ, ಹಿತ್ತಲ ಮಣ್ಣು ಹುಳವನ್ನು ವಾಪಸ್ ಕೊಟ್ಟಿದೆ. ಯಾವುದು ಅಂತ ಗೊತ್ತಾಗುವ ತನಕ ಹಾಕಿದ ಔಷಧಿ ಬರೀ ದುಡ್ಡಿನ ಖರ್ಚು.

ಮೊದಲು: ಇದು ಹುಳವೇ ಹೌದಾ?

ಜಂತುಹುಳ ನಿಧಾನಕ್ಕೆ ಕೊರೆಯುವ ಕಾಯಿಲೆ. ನಿನ್ನೆ ಚೆನ್ನಾಗಿದ್ದ ನಾಲ್ಕಾರು ಕೋಳಿ ಇವತ್ತು ಒಟ್ಟಿಗೆ ಸತ್ತು ಬಿದ್ದಿದ್ದರೆ ಅದು ಹುಳ ಅಲ್ಲ. ಅಂಥ ಹೊತ್ತಲ್ಲಿ ಸತ್ತ ಕೋಳಿಯನ್ನು ಕೊಯ್ದು ನೋಡಲೂಬೇಡಿ. ಕೋಳಿಜ್ವರ ಇದ್ದರೂ ಇರಬಹುದು. ದನದ ದವಾಖಾನೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಹೇಳುವ ತನಕ ಕೋಳಿಯನ್ನು ಆಚೆ ಈಚೆ ಸಾಗಿಸಬೇಡಿ, ಮಾರಬೇಡಿ.

ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚುವುದು, ಕಾಲು ಸೋಲುವುದು ಕಂಡರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಅದಕ್ಕೆ ಲಸಿಕೆಯೇ ದಾರಿ, ಬಂದ ಮೇಲೆ ಔಷಧಿ ಇಲ್ಲ. ಮೂರರಿಂದ ಆರು ವಾರದ ಮರಿಗಳು ಗುಬ್ಬರಿಸಿಕೊಂಡು ಕೂತು ಹಿಕ್ಕೆಯಲ್ಲಿ ರಕ್ತ ಬಿಟ್ಟರೆ ಅದು ಬಹುತೇಕ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಇದು ಹುಳ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿಯ ಕೆಲಸ. ಹುಳದ ಔಷಧಿ ಇದಕ್ಕೆ ತಾಗುವುದೇ ಇಲ್ಲ. ಆಂಪ್ರೋಲಿಯಂ ಅಥವಾ ಸಲ್ಫಾ ಬೇಕು, ಅದೂ ಬೇಗ. ಮರಿಗಳು ಸಾಯುವುದನ್ನು ನೋಡಿ ಹುಳ ಅಂದುಕೊಂಡು ದಿನ ಕಳೆಯುವುದು ನಮ್ಮಲ್ಲಿ ತುಂಬಾ ಆಗುತ್ತದೆ.

ಇನ್ನೊಂದು ಕಳ್ಳ ಅಂದರೆ ಹೇನು. ರಾತ್ರಿ ಕೋಳಿ ಗೂಡು ಸೇರಿದ ಮೇಲೆ ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿಕೊಳ್ಳಿ. ಹಗಲು ಓಡಿಸಿ ಹಿಡಿಯುವುದಕ್ಕಿಂತ ಇದು ಸುಲಭ. ಹಿಂಭಾಗದ ಮೆತ್ತನೆ ಪುಕ್ಕ ಬಿಡಿಸಿ ನೋಡಿ. ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಟ್ಟಿದ್ದರೆ ಹೇನಿನ ಮೊಟ್ಟೆ. ಗೂಡಿನ ಕಟ್ಟಿಗೆಯ ಸಂದುಗಳಲ್ಲೂ ಬೆಳಕು ಹಾಯಿಸಿ. ರಕ್ತ ಕುಡಿಯುವ ನುಸಿ, ಉಣ್ಣೆ ಹಗಲು ಅಲ್ಲಿ ಅಡಗಿ ರಾತ್ರಿ ಹತ್ತುತ್ತವೆ. ಜುಟ್ಟು ಬಿಳಿಚುವುದಕ್ಕೆ ಇವೂ ಸಾಕು.

ಎತ್ತಿಕೊಂಡಾಗಲೇ ಎದೆ ಮೂಳೆ ಸವರಿ. ಎರಡೂ ಪಕ್ಕ ಮಾಂಸ ತುಂಬಿಕೊಂಡಿದ್ದರೆ ಒಳ್ಳೆಯದು. ಮೂಳೆ ಬೆರಳಿಗೆ ಚುಚ್ಚಿದರೆ ಆ ಕೋಳಿ ವಾರಗಳಿಂದ ಸೊರಗಿದೆ. ಕೋಳಿಯನ್ನು ತೂಗಿ, ತೂಕ ಬರೆದಿಡಿ. ಈ ತೂಕ ಮುಂದೆ ಔಷಧಿ ಅಳೆಯಲೂ ಬೇಕು.

ಪುಕ್ಕ ಉದುರುವ ಕಾಲದಲ್ಲಿ ಹ್ಯಾಟೆ ಮೊಟ್ಟೆ ನಿಲ್ಲಿಸುವುದು ಸಹಜ. ಬರೀ ಜೋಳದ ನುಚ್ಚಿನ ಮೇಲೆ ಸಾಕಿದ ಕೋಳಿ ಸೊರಗುವುದೂ ಸಹಜ. ಇವೆರಡಕ್ಕೂ ಹುಳದ ಮೇಲೆ ಅಪವಾದ ಹೊರಿಸುವವರು ಇದ್ದಾರೆ.

ಹಿಕ್ಕೆ ಓದುವುದು

ಬೆಳಿಗ್ಗೆ ಗೂಡು ಗುಡಿಸುವ ಮುಂಚೆ ಹಿಕ್ಕೆ ನೋಡಿ. ಗಟ್ಟಿಯಾಗಿ, ಮೇಲೆ ಬಿಳಿ ಟೊಪ್ಪಿಗೆ ಇದ್ದರೆ ಸರಿ. ದಿನಕ್ಕೆ ಕೆಲವು ಸಲ ಕಂದು ಬಣ್ಣದ, ಅಂಟಂಟಾದ, ನಾರುವ ಹಿಕ್ಕೆ ಹಾಕುತ್ತದೆ. ಅದು ಕುರುಡುಕರುಳಿನದು, ಅಂದರೆ ಕರುಳಿಗೆ ಅಂಟಿದ, ತುದಿ ಮುಚ್ಚಿದ ಕವಲಿನದು. ಆರೋಗ್ಯದ ಕೋಳಿಯೂ ಹಾಕುತ್ತದೆ. ಅದನ್ನು ನೋಡಿ ಭೇದಿ ಅಂತ ಗಾಬರಿ ಆಗಬೇಡಿ.

ಹಿಕ್ಕೆಯಲ್ಲಿ ಶ್ಯಾವಿಗೆಯಂಥ ಬಿಳಿ-ಹಳದಿ ಹುಳ ಬಿದ್ದಿದ್ದರೆ ಅದು ದೊಡ್ಡ ದುಂಡುಹುಳ, ಅಸ್ಕರಿಡಿಯಾ. ಹೆಣ್ಣು ಹುಳ 7 ರಿಂದ 12 ಸೆಂ.ಮೀ. ಉದ್ದ ಬೆಳೆಯುತ್ತದೆ. ಅಪರೂಪಕ್ಕೆ ಇದು ಹಿಂದಿನಿಂದ ಮೊಟ್ಟೆ ನಾಳಕ್ಕೆ ಹತ್ತಿ ಮೊಟ್ಟೆಯೊಳಗೇ ಸಿಕ್ಕಿಕೊಳ್ಳುತ್ತದೆ. ಒಡೆದ ಮೊಟ್ಟೆಯಲ್ಲಿ ಹುಳ ಕಂಡರೆ ಅಡುಗೆ ಮನೆಯಲ್ಲಿ ರಾದ್ಧಾಂತವೇ ಆಗುತ್ತದೆ, ಅಲ್ವಾ? ಆ ಹುಳ ಮನುಷ್ಯರಿಗೆ ಹತ್ತುವುದಿಲ್ಲ. ಮೊಟ್ಟೆ ಚೆಲ್ಲಿ, ಆದರೆ ಹಿಂಡಿನಲ್ಲಿ ಹುಳ ಜಾಸ್ತಿ ಇದೆ ಅಂತ ತಿಳಿದುಕೊಳ್ಳಿ.

ಅಕ್ಕಿ ನುಚ್ಚಿನಷ್ಟು ಬಿಳಿ ತುಣುಕುಗಳು, ಅದರಲ್ಲೂ ಮಿಸುಕಾಡುವವು ಕಂಡರೆ ಲಾಡಿಹುಳದ ಕತ್ತರಿಸಿದ ಗೆಣ್ಣುಗಳು. ಹಿಕ್ಕೆ ಒಣಗಿದ ಮೇಲೆ ಇವು ಕಾಣುವುದಿಲ್ಲ. ತಾಜಾ ಇದ್ದಾಗಲೇ ನೋಡಬೇಕು.

ಬರಿಗಣ್ಣಿಗೆ ಏನೂ ಕಾಣದಿದ್ದರೆ ಹುಳ ಇಲ್ಲ ಅಂತಲ್ಲ. ಹೆಚ್ಚಿನ ಹುಳ ಒಳಗೇ ಇದ್ದು ಸಣ್ಣ ಮೊಟ್ಟೆ ಮಾತ್ರ ಹೊರಗೆ ಕಳಿಸುತ್ತವೆ. ಆಗ ಸೂಕ್ಷ್ಮದರ್ಶಕ ಬೇಕು. ನಾಲ್ಕೈದು ಕೋಳಿಗಳ ತಾಜಾ ಹಿಕ್ಕೆಯನ್ನು, ಮಣ್ಣು ಹತ್ತದ ಹಾಗೆ, ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿ ಅದೇ ದಿನ ದನದ ದವಾಖಾನೆಗೆ ಒಯ್ಯಿರಿ. ರಾತ್ರಿ ಗೂಡಿನ ಕೆಳಗೆ ಹಾಳೆ ಹಾಸಿಟ್ಟರೆ ಕೆಲಸ ಸುಲಭ. ಅಲ್ಲಿ ಹಿಕ್ಕೆಯನ್ನು ಗಾಢ ಉಪ್ಪುನೀರಿನಲ್ಲಿ ಕದಡುತ್ತಾರೆ. ಹುಳದ ಮೊಟ್ಟೆ ಹಗುರ, ಮೇಲೆ ತೇಲಿ ಗಾಜಿಗೆ ಅಂಟುತ್ತದೆ. ಸಣ್ಣ ದವಾಖಾನೆಯಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಹುಲಕೋಟಿ, ಹನುಮನಮಟ್ಟಿ, ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿದರೂ ದಾರಿ ಹೇಳುತ್ತಾರೆ.

‘ಹಿಕ್ಕೆಯಲ್ಲಿ ಏನೂ ಇಲ್ಲ’ ಅಂತ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಒಳಗಿನ ಹುಳ ಇನ್ನೂ ಎಳೆಯದಾಗಿದ್ದರೆ ಮೊಟ್ಟೆ ಇಡುವುದಿಲ್ಲ. ಲಾಡಿಹುಳದ ಮೊಟ್ಟೆ ಗೆಣ್ಣಿನೊಳಗೇ ಉಳಿಯುವುದರಿಂದ ತೇಲಿ ಬರದೇ ಇರಬಹುದು.

ಸತ್ತ ಕೋಳಿ ಹೇಳುವ ಸತ್ಯ

ಒಂಟಿಯಾಗಿ ಸೊರಗಿ ಸತ್ತ ಕೋಳಿಯಿದ್ದರೆ ಅದರಷ್ಟು ಸ್ಪಷ್ಟ ಸಾಕ್ಷಿ ಬೇರೆ ಇಲ್ಲ. ಡಾಕ್ಟರ್ ಕೈಯಲ್ಲಿ ಕೊಯ್ಯಿಸಿದರೆ ಒಳ್ಳೆಯದು. ಮನೆಗೆಂದು ಕೊಯ್ಯುವ ಕೋಳಿಯ ಕರುಳನ್ನಾದರೂ ಸುಮ್ನೆ ನಾಯಿಗೆ ಎಸೆಯದೆ ಒಮ್ಮೆ ಬಿಡಿಸಿ ನೋಡಿ. ಕೈಗವಸು ಹಾಕಿಕೊಳ್ಳಿ.

ಪ್ರತಿ ಹುಳಕ್ಕೂ ಅದರದ್ದೇ ಜಾಗ ಇದೆ. ದೊಡ್ಡ ದುಂಡುಹುಳ ಸಣ್ಣ ಕರುಳಿನಲ್ಲಿ. ಮರಿಗಳಲ್ಲಿ ಕೆಲವೊಮ್ಮೆ ಕರುಳು ಕಟ್ಟುವಷ್ಟು ತುಂಬಿಕೊಳ್ಳುತ್ತದೆ. ಲಾಡಿಹುಳವೂ ಅಲ್ಲೇ, ಚಪ್ಪಟೆಯಾಗಿ ಗೋಡೆಗೆ ಕಚ್ಚಿಕೊಂಡಿರುತ್ತದೆ. ಕರುಳಿನ ಹೊರಮೈ ಮೇಲೆ ಸಣ್ಣ ಗಂಟುಗಳು ಕಂಡರೆ ರೈಲಿಯೆಟಿನಾ ಎಂಬ ಜಾತಿಯ ಲಾಡಿಹುಳದ ಕಚ್ಚಿದ ಗುರುತು ಇರಬಹುದು. ಇದನ್ನು ಕ್ಷಯ ಅಂತ ತಪ್ಪು ತಿಳಿಯುವುದೂ ಉಂಟು. ಎರಡು ಕವಲಿನ ಕುರುಡುಕರುಳಿನ ತುದಿ ಬಿಡಿಸಿದರೆ ಒಂದು ಸೆಂ.ಮೀ. ಆಸುಪಾಸಿನ ಸಣ್ಣ ಬಿಳಿ ಹುಳಗಳು, ಹೆಟೆರಾಕಿಸ್. ಕೋಳಿಗೆ ಇವುಗಳಿಂದ ದೊಡ್ಡ ತೊಂದರೆ ಇಲ್ಲ. ಆದರೆ ಇವು ಹೊತ್ತು ತರುವ ಇನ್ನೊಂದು ರೋಗದ ಮಾತು ಮುಂದೆ ಬರುತ್ತದೆ.

ಕೈತಪ್ಪುವುದು ಕೂದಲುಹುಳ, ಕ್ಯಾಪಿಲೇರಿಯಾ. ಎಷ್ಟು ಸಪೂರ ಅಂದರೆ ಕರುಳಿನ ಲೋಳೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಳಗಿನ ಲೋಳೆಯನ್ನು ಚಮಚೆಯಿಂದ ಕೆರೆದು ಕಪ್ಪು ತಟ್ಟೆಯ ನೀರಿಗೆ ಬಿಡಿ, ಆಗ ಎಳೆ ಎಳೆಯಾಗಿ ಕಾಣಬಹುದು. ಕೋಳಿಯನ್ನು ತೀರಾ ಸೊರಗಿಸುವುದರಲ್ಲಿ ಇದು ಮುಂದು.

ಮರಿಗಳು ಕತ್ತು ಚಾಚಿ, ಬಾಯಿ ಕಳೆದು, ತಲೆ ಕೊಡವಿ ಕೆಮ್ಮುತ್ತಿದ್ದರೆ, ಸತ್ತ ಮರಿಯ ಶ್ವಾಸನಾಳ ಸೀಳಿ ನೋಡಿ. ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೆಂಪು ಹುಳ ಅಂಟಿಕೊಂಡಿದ್ದರೆ ಅದು ಗಂಟಲುಹುಳ. ಗಂಡು ಹೆಣ್ಣು ಎರಡೂ ಬಿಡಿಸಲಾಗದಂತೆ ಜೋಡಿಯಾಗಿಯೇ ಇರುತ್ತವೆ, ಅದಕ್ಕೇ ಆ ಆಕಾರ. ಕೊಕ್ಕರೆ ರೋಗ, ನೆಗಡಿ ಅಂತ ಅಂದುಕೊಂಡು ಬಿಟ್ಟಿದ್ದ ಕೆಮ್ಮು ಹೀಗೆ ಹೊರಗೆ ಬರುವುದುಂಟು.

ಕಣ್ಣಲ್ಲಿ ನೀರು ಸುರಿದು ಕೋಳಿ ಕೆರೆದುಕೊಳ್ಳುತ್ತಿದ್ದರೆ ಒಳರೆಪ್ಪೆ ಎತ್ತಿ ನೋಡಿ. ಅಲ್ಲೂ ಒಂದು ಹುಳ ಇರುತ್ತದೆ, ಜಿರಲೆ ತಿಂದು ಬರುವಂಥದ್ದು.

ನೋಡಿ ಮುಗಿದ ಮೇಲೆ ಕರುಳು, ಸತ್ತ ಕೋಳಿ ಎಲ್ಲವನ್ನೂ ಬಾವಿ, ಕೆರೆಯಿಂದ ದೂರ ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ. ತಿಪ್ಪೆಗೆ ಎಸೆದರೆ ಉಳಿದ ಕೋಳಿ ಕೆದರಿ ತಿನ್ನುತ್ತವೆ.

ಯಾವ ಹುಳಕ್ಕೆ ಯಾವ ಔಷಧಿ

ಔಷಧಿ ಅಂಗಡಿಯಲ್ಲಿ ‘ಕೋಳಿ ಹುಳದ ಔಷಧಿ ಕೊಡಿ’ ಅಂದರೆ ಪಿಪರಾಜಿನ್ ಕೊಡುವುದು ಹೆಚ್ಚು. ಅಗ್ಗ, ಮೃದು, ನೀರಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಅದು ದೊಡ್ಡ ದುಂಡುಹುಳಕ್ಕೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಕೂದಲುಹುಳಕ್ಕೆ, ಲಾಡಿಹುಳಕ್ಕೆ ಅದು ನೀರು ಕುಡಿಸಿದಷ್ಟೇ. ‘ಔಷಧಿ ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರು ಮೊದಲು ಬಾಟಲಿಯ ಮೇಲೆ ಈ ಹೆಸರು ಇದೆಯಾ ನೋಡಲಿ.

ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಹೆಚ್ಚಿನ ದುಂಡುಹುಳಗಳಿಗೆ ಆಗುತ್ತವೆ, ಕೂದಲುಹುಳ, ಗಂಟಲುಹುಳ ಸೇರಿ. ಲೆವಾಮಿಸೋಲ್ ಕೂಡ ಒಳ್ಳೆಯದು. ಆದರೆ ಅಳತೆ ಮೀರಿದರೆ ವಿಷ, ಅಂದಾಜಿನಲ್ಲಿ ಹಾಕುವ ಔಷಧಿ ಅಲ್ಲ. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಯಾವುದನ್ನೇ ಆಗಲಿ ಡಾಕ್ಟರ್ ಬರೆದುಕೊಟ್ಟ ಮೇಲೆ ಹಾಕಿ.

ಅಳತೆಯ ಗೊಂದಲಕ್ಕೆ ಒಂದು ಲೆಕ್ಕ. ಡಾಕ್ಟರ್ ಅಲ್ಬೆಂಡಜೋಲ್ ಕೆಜಿ ತೂಕಕ್ಕೆ 10 ಮಿ.ಗ್ರಾಂ. ಹೇಳಿದರು ಅಂದುಕೊಳ್ಳಿ. ಎರಡು ಕೆಜಿ ಹ್ಯಾಟೆಗೆ 20 ಮಿ.ಗ್ರಾಂ. ಬೇಕು. ಬಾಟಲಿ ಶೇ 2.5ರದ್ದಾದರೆ ಒಂದು ಮಿ.ಲೀ.ನಲ್ಲಿ 25 ಮಿ.ಗ್ರಾಂ. ಇರುತ್ತದೆ, ಅಂದರೆ 0.8 ಮಿ.ಲೀ. ಸಾಕು. ಅದೇ ಔಷಧಿ ಶೇ 10ರ ಬಾಟಲಿಯಲ್ಲೂ ಬರುತ್ತದೆ. ಅದರಲ್ಲಿ 0.2 ಮಿ.ಲೀ. ಸಾಕು. ಲೇಬಲ್ ನೋಡದೆ ಹಳೆ ಅಳತೆಯಲ್ಲೇ ಕುಡಿಸಿದರೆ ನಾಲ್ಕು ಪಟ್ಟು ಆಗುತ್ತದೆ. ಮನುಷ್ಯರ 400 ಮಿ.ಗ್ರಾಂ. ಗುಳಿಗೆ ಪುಡಿ ಮಾಡಿ ‘ಒಂದು ಕೋಳಿಗೆ ಕಾಲು ಗುಳಿಗೆ’ ಅಂತ ಹಾಕುವವರೂ ಇದ್ದಾರೆ. ಈ ಲೆಕ್ಕದಲ್ಲಿ ಆ ಒಂದು ಗುಳಿಗೆ 40 ಕೆಜಿ ಕೋಳಿಗೆ ಆಗುವಂಥದ್ದು.

ಕುಡಿಸುವ ರೀತಿಯಲ್ಲೂ ದೋಷ ಇರುತ್ತದೆ. ಹಾಲಿನಂಥ ಬಿಳಿ ಔಷಧಿ ನೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮೊದಲು ಕುಡಿದ ಕೋಳಿಗೆ ಬರೀ ನೀರು, ಕೊನೆಯದಕ್ಕೆ ಎಲ್ಲ ಔಷಧಿ. ಕಾಳಿಗೆ ಕಲಸಿದರೆ ಹುಂಜ ಮತ್ತು ಗಟ್ಟಿ ಕೋಳಿಗಳು ಮುಗಿಸುತ್ತವೆ. ಔಷಧಿ ಬೇಕಾದ ಬಡಕಲು ಕೋಳಿ ದೂರ ನಿಂತು ನೋಡುತ್ತದೆ. ಮಳೆಗಾಲದಲ್ಲಿ ಅಂಗಳದ ತುಂಬ ಹೊಂಡದ ನೀರು ಇರುವಾಗ ಔಷಧಿಯ ನೀರನ್ನು ಯಾವ ಕೋಳಿ ಮುಟ್ಟುತ್ತದೆ? ಹತ್ತಿಪ್ಪತ್ತು ಕೋಳಿ ಇದ್ದವರು ಬಾಟಲಿ ಅಲುಗಾಡಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಒಂದೊಂದಕ್ಕೇ ಕುಡಿಸುವುದೇ ಸರಿ. ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ ಬಿಡಿ, ನುಂಗಲು ಸಮಯ ಕೊಡಿ. ಒಮ್ಮೆಗೇ ಒತ್ತಿದರೆ ಶ್ವಾಸನಾಳಕ್ಕೆ ಹೋಗುತ್ತದೆ.

ಎರಡು ಎಚ್ಚರಿಕೆ. ಹೊಸ ಪುಕ್ಕ ಬರುವಾಗ ಫೆನ್‌ಬೆಂಡಜೋಲ್ ಕೊಟ್ಟರೆ ಪುಕ್ಕ ಸೊಟ್ಟಗೆ ಬರಬಹುದು. ಪಾರಿವಾಳಗಳಿಗೆ ಫೆನ್‌ಬೆಂಡಜೋಲ್, ಅಲ್ಬೆಂಡಜೋಲ್ ಗುಂಪಿನ ಔಷಧಿ ಅಪಾಯ. ಕೋಳಿ ಜೊತೆ ಪಾರಿವಾಳವನ್ನೂ ಸಾಕಿದ್ದರೆ ಔಷಧಿಯ ಕಾಳು ಅವಕ್ಕೆ ಸಿಗದಂತೆ ನೋಡಿ. ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಎನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಬರೆಸಿಕೊಳ್ಳುವಾಗಲೇ ಕೇಳಿಕೊಳ್ಳಿ.

ಬೇವಿನ ಸೊಪ್ಪು, ಬೆಳ್ಳುಳ್ಳಿ, ಕುಂಬಳ ಬೀಜ ಹಾಕುವುದರಿಂದ ಕೋಳಿಗೆ ಕೆಡುಕಿಲ್ಲ. ಆದರೆ ಎದೆ ಮೂಳೆ ಚುಚ್ಚುತ್ತಿರುವ ಕೋಳಿಯನ್ನು ಅವುಗಳ ಮೇಲೆ ಬಿಡಬೇಡಿ.

ಔಷಧಿ ಸೋತಿತಾ, ಮಣ್ಣು ಗೆದ್ದಿತಾ?

ನನ್ನ ಲೆಕ್ಕದಲ್ಲಿ ಇಡೀ ಪರೀಕ್ಷೆಯ ತಿರುಳು ಇದೇ, ಮತ್ತು ಇದನ್ನು ಮಾಡುವವರು ತೀರಾ ಕಡಿಮೆ. ಔಷಧಿ ಹಾಕಿ ಹತ್ತು-ಹದಿನಾಲ್ಕು ದಿನಕ್ಕೆ ಹಿಕ್ಕೆಯನ್ನು ಮತ್ತೆ ತೋರಿಸಿ.

ಆಗಲೂ ಹುಳದ ಮೊಟ್ಟೆ ತುಂಬಾ ಇದ್ದರೆ ಔಷಧಿ ಸೋತಿದೆ. ತಪ್ಪು ಔಷಧಿ, ಕಡಿಮೆ ಅಳತೆ, ಅವಧಿ ಮೀರಿದ ಬಾಟಲಿ, ಇಲ್ಲವೇ ವರ್ಷಗಟ್ಟಲೆ ಒಂದೇ ಔಷಧಿಯನ್ನು ಅರೆಬರೆ ಹಾಕಿ ಹುಳ ಅದಕ್ಕೆ ಒಗ್ಗಿದೆ. ಡಾಕ್ಟರಿಗೆ ಹೇಳಿ ಬದಲಿಸಿ.

ಆಗ ಮೊಟ್ಟೆ ಇಲ್ಲ, ಆದರೆ ಒಂದೂವರೆ-ಎರಡು ತಿಂಗಳಿಗೆ ಮತ್ತೆ ಬಂದವು ಅಂದರೆ ಔಷಧಿಯದ್ದು ತಪ್ಪಿಲ್ಲ. ದೊಡ್ಡ ದುಂಡುಹುಳ ಕೋಳಿಯ ಹೊಟ್ಟೆ ಸೇರಿ ಬೆಳೆದು ಮೊಟ್ಟೆ ಇಡಲು ಐದರಿಂದ ಎಂಟು ವಾರ ಬೇಕು. ಅಂದರೆ ಔಷಧಿ ಹಾಕಿದ ದಿನಗಳಲ್ಲೇ ಕೋಳಿ ಹೊಸ ಹುಳದ ಮೊಟ್ಟೆ ತಿಂದಿದೆ. ಎಲ್ಲಿಂದ? ಹಿತ್ತಲಿನಿಂದ.

ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಕೂಡಲೇ ರೋಗ ತರುವುದಿಲ್ಲ. ಬೆಚ್ಚಗೆ, ತೇವ ಇದ್ದರೆ ಹತ್ತರಿಂದ ಇಪ್ಪತ್ತು ದಿನದಲ್ಲಿ ಒಳಗೆ ಮರಿಹುಳ ತಯಾರಾಗುತ್ತದೆ. ಆಮೇಲೆ ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಸುರಿದರೆ ಸಾಯುವುದಿಲ್ಲ, ಅದರ ಚಿಪ್ಪು ಗಟ್ಟಿ. ಸಾಯಿಸುವುದು ಬಿಸಿಲು ಮತ್ತು ಒಣಗು. ಹಾಗಾಗಿ ವಾರಕ್ಕೊಮ್ಮೆಯಾದರೂ ಗೂಡಿನ ಹಿಕ್ಕೆ ಬಾಚಿ ತೆಗೆದರೆ ಮೊಟ್ಟೆ ತಯಾರಾಗುವ ಮುಂಚೆಯೇ ಹೊರಗೆ ಹೋಗುತ್ತದೆ.

ನವಲಗುಂದ, ನರಗುಂದ ಕಡೆಯ ಎರೆ (ಕಪ್ಪು) ಮಣ್ಣಿನ ಹಿತ್ತಲಲ್ಲಿ ಮಳೆ ನಿಂತ ಮೇಲೂ ತೇವ ಬೇಗ ಆರುವುದಿಲ್ಲ. ಮಸಾರಿ (ಕೆಂಪು ಮಣ್ಣಿನ) ನೆಲದವರಿಗೆ ಈ ಕಷ್ಟ ಕಡಿಮೆ. ಎರೆ ಭೂಮಿಯವರು ಗೂಡನ್ನು ಕಲ್ಲು ಅಥವಾ ಕಟ್ಟಿಗೆ ಮೇಲೆ ಎತ್ತರಿಸಿ, ಸುತ್ತ ಗರಸು ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು. ಒಳಗೆ ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟು ಹಾಸಿ, ಆಗಾಗ ಕೆದಕಿ, ಒದ್ದೆಯಾದದ್ದನ್ನು ತೆಗೆಯಿರಿ. ಕಾಳನ್ನು ನೆಲಕ್ಕೆ ಚೆಲ್ಲುವ ರೂಢಿ ಬಿಟ್ಟು ತಟ್ಟೆಗೆ ಹಾಕಿ.

ತಿಪ್ಪೆ ಇನ್ನೊಂದು ಮೂಲ. ಕೋಳಿಗೆ ತಿಪ್ಪೆ ಕೆದರುವುದೆಂದರೆ ಹಬ್ಬ. ಆದರೆ ಅಲ್ಲಿನ ಎರೆಹುಳು ದುಂಡುಹುಳ, ಕೂದಲುಹುಳ, ಗಂಟಲುಹುಳ ಮೂರನ್ನೂ ಹೊತ್ತಿರಬಹುದು. ಇರುವೆ, ದುಂಬಿ, ನೊಣ, ಬಸವನಹುಳು ಲಾಡಿಹುಳ ತರುತ್ತವೆ. ಎರೆಗೊಬ್ಬರದ ತೊಟ್ಟಿ ಕೋಳಿ ಗೂಡಿನ ಪಕ್ಕದಲ್ಲೇ ಇದ್ದರೆ ಮೇಲೆ ಜಾಳಿಗೆ ಹಾಕಿ, ಕೋಳಿ ಹಿಕ್ಕೆ ಅದಕ್ಕೆ ಸೇರಿಸಬೇಡಿ. ಲಾಡಿಹುಳ ಮತ್ತೆ ಮತ್ತೆ ಬರುವ ಮನೆಯಲ್ಲಿ ಔಷಧಿ ಬದಲಿಸುವ ಮುಂಚೆ ಇರುವೆ ಗೂಡು ಹುಡುಕಬೇಕು.

ಮರಿಗಳನ್ನು ದೊಡ್ಡ ಕೋಳಿಗಳ ಹಳೆ ಜಾಗಕ್ಕೆ ಬಿಡಬೇಡಿ. ಮೂರು ತಿಂಗಳು ದಾಟುವ ತನಕ ಅವಕ್ಕೆ ಹುಳ ತಡೆಯುವ ಶಕ್ತಿ ಕಡಿಮೆ. ಎಂಟನೇ ವಾರಕ್ಕೆ ಕೊಕ್ಕರೆ ರೋಗದ ಲಸಿಕೆ ಇದ್ದರೆ, ಅದಕ್ಕೆ ಒಂದು ವಾರ ಮುಂಚೆ ಹುಳದ ಔಷಧಿ ಮುಗಿಸಿ. ದೊಡ್ಡವಕ್ಕೆ ಮೇ ಕೊನೆಗೆ, ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹಿಕ್ಕೆ ತೋರಿಸಿ, ಬೇಕಿದ್ದರೆ ಮಾತ್ರ ಔಷಧಿ. ಮೇವಿನಲ್ಲಿ ಜೋಳದ ಜೊತೆ ಹಳದಿ ಗೋವಿನಜೋಳ, ಶೇಂಗಾ ಹಿಂಡಿ, ನುಗ್ಗೆ ಸೊಪ್ಪು ಸೇರಿಸಿ. ‘ಎ’ ಜೀವಸತ್ವ ಕಡಿಮೆಯಾದ ಕೋಳಿಗೆ ಹುಳ ಬೇಗ ಹತ್ತುತ್ತದೆ.

ಟರ್ಕಿ, ನವಿಲು

ಕುರುಡುಕರುಳಿನ ಸಣ್ಣ ಹುಳದ ಮಾತು ಉಳಿದಿತ್ತು. ಅದರ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಸೇರಿಕೊಂಡು ಪ್ರಯಾಣ ಮಾಡುತ್ತದೆ. ಕೋಳಿಗೆ ಅದರಿಂದ ಹೆಚ್ಚು ಕಾಟ ಇಲ್ಲ. ಟರ್ಕಿ ಮತ್ತು ನವಿಲಿಗೆ ಅದು ಪಿತ್ತಜನಕಾಂಗ ಕೊಳೆಸುವ ರೋಗ, ಬ್ಲ್ಯಾಕ್‌ಹೆಡ್. ಗಂಧಕದ ಬಣ್ಣದ ಹಳದಿ ಹಿಕ್ಕೆ ಅದರ ಗುರುತು. ಕೋಳಿ ಚೆನ್ನಾಗಿದ್ದು ಟರ್ಕಿ ಮಾತ್ರ ಸಾಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಎರಡನ್ನೂ ಒಂದೇ ಹಿತ್ತಲಲ್ಲಿ ಬಿಡುವುದು ಬೇಡ. ಕೋಳಿ ಓಡಾಡಿದ ನೆಲಕ್ಕೂ ಟರ್ಕಿ ಬಿಡಬೇಡಿ.

ನವಿಲನ್ನು ನಾವು ಸಾಕುವ ಹಾಗಿಲ್ಲ. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆದರೆ ಬಂಕಾಪುರ ಕೋಟೆಯ ನವಿಲುಧಾಮದ ಆಸುಪಾಸಿನವರಿಗೆ, ಶಿಗ್ಗಾವಿ ಕಡೆಯ ಹೊಲದವರಿಗೆ ಗೊತ್ತು, ನವಿಲು ಕರೆಯದೇ ಬರುತ್ತದೆ. ಕಣದಲ್ಲಿ ಕೋಳಿ ಜೊತೆಗೇ ಕಾಳು ಹೆಕ್ಕುತ್ತದೆ. ನಮ್ಮ ಕೋಳಿಯ ಹುಳ ಅದಕ್ಕೆ, ಅದರ ಹುಳ ನಮ್ಮ ಕೋಳಿಗೆ. ಮೇವಿನ ತಟ್ಟೆಯನ್ನು ಗೂಡಿನೊಳಗೆ ಇಟ್ಟು, ಉಳಿದದ್ದನ್ನು ಸಂಜೆ ಎತ್ತಿಬಿಡಿ. ಕೋಳಿ ಹಿಕ್ಕೆಯ ಗೊಬ್ಬರವನ್ನು ಚೆನ್ನಾಗಿ ಕಳಿಯಿಸದೆ ನವಿಲು ಮೇಯುವ ಹೊಲಕ್ಕೆ ಚೆಲ್ಲಬೇಡಿ.

ಹೊಲದಲ್ಲಿ ನವಿಲು ರೆಕ್ಕೆ ಇಳಿಬಿಟ್ಟು ಕೂತಿದ್ದರೆ ಅದರ ಬಾಯಿಗೆ ಕೋಳಿಯ ಔಷಧಿ ಹನಿಸಲು ಹೋಗಬೇಡಿ. ಮನೆಗೂ ತರಬೇಡಿ. ನಾಯಿ ಹತ್ತಿರ ಬರದಂತೆ ಕಾದು, ಅರಣ್ಯ ಇಲಾಖೆಯ ವಲಯ ಕಚೇರಿಗೆ ಫೋನ್ ಮಾಡಿ. ಜಾಗದ ಗುರುತು, ಹಿಕ್ಕೆಯ ಬಣ್ಣ, ಎಷ್ಟು ಹೊತ್ತಿನಿಂದ ಹಾಗೇ ಇದೆ ಎನ್ನುವುದನ್ನು ಹೇಳಿ.